ಡೆಂಗಿ ರಿಪೋರ್ಟ್‌ನಲ್ಲಿ ಮೂರು ಸಾಲು, ಮೂರು ಉತ್ತರ: ಆ್ಯಂಟಿಬಾಡಿ ಟೆಸ್ಟ್ ಓದೋದು ಹೇಗೆ?

ಕುತೂಹಲಿ_ಅಣ್ಣ

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಡೆಂಗಿ ಬಂದು ಹೋಯ್ತು, ಈಗ ಆರಾಮಾಗಿದ್ದಾನೆ. ಹಾಗಾಗಿ ಇದು ಔಷಧಿ ಕೇಳೋ ಪೋಸ್ಟ್ ಅಲ್ಲ. ತಲೆ ಕೊರೆಯುತ್ತಿರುವುದು ಅವನ ರಿಪೋರ್ಟ್.

ಜ್ವರದ 2ನೇ ದಿನ ತೆಗೆದ ರಕ್ತ. ಎನ್‌ಎಸ್‌1 ಪಾಸಿಟಿವ್, ಐಜಿಎಂ ನೆಗೆಟಿವ್, ಐಜಿಜಿ ಪಾಸಿಟಿವ್. (ಐಜಿಎಂ, ಐಜಿಜಿ ಎರಡೂ ಆ್ಯಂಟಿಬಾಡಿ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸೋ ಪ್ರೋಟೀನ್‌ಗಳಂತೆ.) ಎಲ್ಲಿ ಹುಡುಕಿದರೂ "ಐಜಿಎಂ ಅಂದ್ರೆ ಈಗಿನ ಸೋಂಕು, ಐಜಿಜಿ ಅಂದ್ರೆ ಹಳೇ ಸೋಂಕು" ಅನ್ನೋ ಒಂದೇ ಸಾಲು ಸಿಗುತ್ತೆ. ಆ ಲೆಕ್ಕದಲ್ಲಿ ಇವನಿಗೆ ಹಳೇ ಡೆಂಗಿ ಮಾತ್ರ ಇರಬೇಕು. ಆದರೆ ಮೈ ಸುಡುತ್ತಿದ್ದದ್ದು ಆ ವಾರವೇ ಅಲ್ವಾ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಸೀರಂ_ಸಂಗಾತಿ

ನಾನು ಮೈಕ್ರೋಬಯಾಲಜಿಯವಳು, ಇದೇ ನನ್ನ ಕೆಲಸ. ಆ ರಿಪೋರ್ಟ್‌ನಲ್ಲಿ ಗೊಂದಲ ಏನೂ ಇಲ್ಲ. ಗೊಂದಲ ಇರೋದು ಆ ಒಂದು ಸಾಲಿನ ಸೂತ್ರದಲ್ಲಿ.

ಮೊದಲು ಎನ್‌ಎಸ್‌1. ಅದು ಆ್ಯಂಟಿಬಾಡಿ ಅಲ್ಲ, ವೈರಸ್ಸಿನದೇ ಪ್ರೋಟೀನ್. ಜ್ವರ ಬಂದ ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತೆ. ನಿಮ್ಮ ತಮ್ಮನಿಗೆ ಆಗ ಡೆಂಗಿ ಇತ್ತು ಅನ್ನೋದಕ್ಕೆ ಈ ಸಾಲು ಸಾಕು.

ಇನ್ನು ಐಜಿಎಂ. ಇದನ್ನು ದೇಹ ತಯಾರಿಸಬೇಕು, ಅದಕ್ಕೆ ಸಮಯ ಬೇಕು. ಡೆಂಗಿಯಲ್ಲಿ 5ನೇ ದಿನದ ಹೊತ್ತಿಗೆ ಸುಮಾರು ಶೇ 80 ಜನರಲ್ಲಿ, 10ನೇ ದಿನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಕಾಣಿಸುತ್ತೆ. 2ನೇ ದಿನ ನೆಗೆಟಿವ್ ಬಂದಿದ್ದರಲ್ಲಿ ಆಶ್ಚರ್ಯ ಏನಿಲ್ಲ. ಅಷ್ಟು ಬೇಗ ಪಾಸಿಟಿವ್ ಬಂದಿದ್ದರೆ ನಾನೇ ಇನ್ನೊಮ್ಮೆ ನೋಡುತ್ತಿದ್ದೆ.

ಸ್ವಾರಸ್ಯ ಇರೋದು ಐಜಿಜಿಯಲ್ಲಿ. ಮೊದಲ ಸಲ ಡೆಂಗಿ ಬಂದವರಲ್ಲಿ ಐಜಿಜಿ ಮೊದಲ ವಾರದ ಕೊನೆಗೆ, ಅದೂ ಸಣ್ಣದಾಗಿ ಶುರುವಾಗುತ್ತೆ. 2ನೇ ದಿನವೇ ಇತ್ತು ಅಂದರೆ ಅದು ಈ ಜ್ವರಕ್ಕಿಂತ ಮೊದಲೇ ಇದ್ದದ್ದು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಹಿಂದೆ ಯಾವತ್ತೋ ಒಂದು ಬಗೆ ಬಂದು, ಈಗ ಇನ್ನೊಂದು ಬಂದಿರಬಹುದು. ಮೊದಲ ಸಲದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಿರಲ್ಲ. ಇಂಥ ಎರಡನೇ ಸೋಂಕಿನಲ್ಲಿ ಹಳೇ ನೆನಪಿನ ಕೋಶಗಳು ಎದ್ದು ಐಜಿಜಿಯನ್ನು ಭರ್ರನೆ ಏರಿಸುತ್ತವೆ. ಐಜಿಎಂ ಮಾತ್ರ ಕಡಿಮೆ ಇರುತ್ತೆ. ಕೆಲವರಲ್ಲಿ ಟೆಸ್ಟ್‌ಗೆ ಸಿಗುವಷ್ಟೂ ಇರಲ್ಲ. ಹಾಗಾಗಿ "ಐಜಿಎಂ ಇಲ್ಲ, ಐಜಿಜಿ ಇದೆ, ಹಳೇದು ಬಿಡಿ" ಅಂತ ತಳ್ಳಿಹಾಕುವುದು ಡೆಂಗಿಯಲ್ಲಿ ಅಪಾಯ. ರೋಗ ಜೋರಾಗುವ ಸಾಧ್ಯತೆ ಜಾಸ್ತಿ ಇರೋದೇ ಎರಡನೇ ಸೋಂಕಿನಲ್ಲಿ.

ಗಡಿಯಾಚೆ_ಗೆಳೆಯ

ಒಂದು ಸೇರಿಸುತ್ತೇನೆ. ಐಜಿಜಿ ಪಾಸಿಟಿವ್ ಬಂದ ಮಾತ್ರಕ್ಕೆ ಹಿಂದೆ ಬಂದದ್ದು ಡೆಂಗಿಯೇ ಅನ್ನೋಕೂ ಆಗಲ್ಲ. ಡೆಂಗಿ, ಜಪಾನೀಸ್ ಎನ್‌ಸೆಫಲೈಟಿಸ್ (ಜೆಇ), ಜೀಕಾ, ವೆಸ್ಟ್ ನೈಲ್, ಹಳದಿ ಜ್ವರ ಎಲ್ಲವೂ ಒಂದೇ ಕುಟುಂಬದ ವೈರಸ್‌ಗಳು. ಅವುಗಳ ಹೊರಗಿನ ಪ್ರೋಟೀನ್ ಎಷ್ಟು ಹೋಲುತ್ತೆ ಅಂದರೆ ಒಂದಕ್ಕೆ ತಯಾರಾದ ಆ್ಯಂಟಿಬಾಡಿ ಇನ್ನೊಂದರ ಟೆಸ್ಟ್‌ನಲ್ಲೂ ಹೋಗಿ ಅಂಟುತ್ತೆ. ಜೆಇ ಅಥವಾ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿದ್ದರೂ ಸಾಕು, ಡೆಂಗಿ ಐಜಿಜಿ ಪಾಸಿಟಿವ್ ಬರಬಹುದು.

2015-16ರಲ್ಲಿ ಬ್ರೆಜಿಲ್ ಕಡೆ ಜೀಕಾ ಹರಡಿದಾಗ ದೊಡ್ಡ ತಲೆನೋವಾಗಿದ್ದು ಇದೇ. ಅಲ್ಲಿ ಬಹಳ ಜನಕ್ಕೆ ಮೊದಲೇ ಡೆಂಗಿ ಬಂದಿತ್ತು. ಗರ್ಭಿಣಿಯ ರಕ್ತದಲ್ಲಿ ಸಿಕ್ಕ ಆ್ಯಂಟಿಬಾಡಿ ಜೀಕಾದ್ದೋ ಡೆಂಗಿಯದ್ದೋ ಹೇಳೋದು ಹೇಗೆ?

ನೇರಮಾತು

ಇಷ್ಟೆಲ್ಲ "ಆದರೆ", "ಒಂದು ವೇಳೆ" ಇದ್ದರೆ ಈ ಟೆಸ್ಟ್ ಯಾಕೆ ಬೇಕು ಸ್ವಾಮಿ? ಪಿಸಿಆರ್ ಮಾಡಿ, ವೈರಸ್ ಇದೆಯೋ ಇಲ್ವೋ ನೇರವಾಗಿ ನೋಡಿ, ಮುಗೀತು. ಆ್ಯಂಟಿಬಾಡಿ ಟೆಸ್ಟ್ ಅನ್ನೋದು ಹಳೇ ಕಾಲದ ಸುತ್ತುಬಳಸಿನ ದಾರಿ.

ಸೀರಂ_ಸಂಗಾತಿ

ಮುಗಿಯಲ್ಲ ಸರ್. ವೈರಸ್ ನೀವು ಬರುವವರೆಗೆ ರಕ್ತದಲ್ಲಿ ಕಾಯುತ್ತಾ ಕೂತಿರಲ್ಲ. ಡೆಂಗಿ ವೈರಸ್ ಹೆಚ್ಚಿನವರಲ್ಲಿ ಒಂದು ವಾರದೊಳಗೆ ರಕ್ತದಿಂದ ಹೋಗಿಬಿಡುತ್ತೆ. 8ನೇ ದಿನ ಆಸ್ಪತ್ರೆಗೆ ಬಂದವರಿಗೆ ಪಿಸಿಆರ್ ಮಾಡಿ "ನೆಗೆಟಿವ್" ಅಂತ ಕೊಟ್ಟರೆ ಅದು ದಾರಿ ತಪ್ಪಿಸೋ ಉತ್ತರ. ಐಜಿಎಂ ಉಪಯೋಗಕ್ಕೆ ಬರೋದೇ ಆಗ.

ಇನ್ನೂ ಒಳ್ಳೇ ಉದಾಹರಣೆ ಜಪಾನೀಸ್ ಎನ್‌ಸೆಫಲೈಟಿಸ್. ಮಿದುಳಿಗೆ ತೊಂದರೆಯಾಗಿ ಮಗುವಿಗೆ ಫಿಟ್ಸ್ ಬರುವ ಹೊತ್ತಿಗೆ ರಕ್ತದಲ್ಲಿ ವೈರಸ್ ಸಿಗೋದು ಅಪರೂಪ. ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ಅದರಲ್ಲಿ ಐಜಿಎಂ ನೋಡುತ್ತಾರೆ. ಐಜಿಎಂ ದೊಡ್ಡ ಗಾತ್ರದ ಅಣು, ಐಜಿಜಿಯ ಸುಮಾರು ಆರು ಪಟ್ಟು ತೂಕ. ರಕ್ತದಿಂದ ಮಿದುಳಿನ ಕಡೆಗೆ ಸುಲಭವಾಗಿ ದಾಟಲ್ಲ. ಹಾಗಾಗಿ ಆ ನೀರಿನಲ್ಲಿ ಸಿಕ್ಕಿತು ಅಂದರೆ ಒಳಗೇ ತಯಾರಾಗಿರುವ ಸಾಧ್ಯತೆ ಹೆಚ್ಚು.

ಹೆಪಟೈಟಿಸ್ ಎ ಕೂಡ ಹಾಗೇ. ಕಣ್ಣು ಹಳದಿಯಾಗಿ ಬಂದವರಿಗೆ ಇವತ್ತಿಗೂ ಐಜಿಎಂ ನೋಡಿಯೇ ಹೇಳೋದು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಗಡಿಯಾಚೆ_ಗೆಳೆಯ ಕೇಳಿದ್ದಕ್ಕೆ: ಜೀಕಾ-ಡೆಂಗಿ ಬಿಡಿಸೋಕೆ ಪಿಆರ್‌ಎನ್‌ಟಿ ಅಂತ ಒಂದು ಟೆಸ್ಟ್ ಇದೆ. ಬರೀ ಅಂಟುತ್ತಾ ಅಂತ ನೋಡಲ್ಲ. ಜೀವಂತ ವೈರಸ್ ಜೊತೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ) ಬೆರೆಸಿ, ಕೋಶಗಳ ಮೇಲೆ ಹಾಕಿ, ವೈರಸ್ಸನ್ನು ತಡೆಯುತ್ತಾ ಅಂತ ನೋಡುತ್ತಾರೆ. ಸತ್ತ ಕೋಶಗಳ ಚಿಕ್ಕ ಚಿಕ್ಕ ತೂತುಗಳನ್ನು ಎಣಿಸಬೇಕು. ದಿನಗಟ್ಟಲೆ ಹಿಡಿಯುತ್ತೆ, ಎಲ್ಲ ಲ್ಯಾಬ್‌ನಲ್ಲೂ ಆಗಲ್ಲ. ಅಷ್ಟು ಮಾಡಿಯೂ, ಹಿಂದೆ ಎರಡು ಮೂರು ಬಗೆ ಬಂದು ಹೋದವರಲ್ಲಿ ಉತ್ತರ ಸ್ಪಷ್ಟವಾಗಿ ಬರಲ್ಲ.

ಬೆಂಚಿನ_ಬದಿ

ಲ್ಯಾಬ್ ಟೆಕ್ನಿಷಿಯನ್ ನಾನು. ಇಲ್ಲಿ ಎಲ್ಲರೂ "ಪಾಸಿಟಿವ್", "ನೆಗೆಟಿವ್" ಅಂತಿದ್ದೀರಿ. ಆದರೆ ಮೆಷಿನ್ ಆ ಪದ ಹೇಳಲ್ಲ. ಅದು ಹೇಳೋದು ಒಂದು ಸಂಖ್ಯೆ.

ಐಜಿಎಂ ನೋಡೋ ಎಲೈಸಾ ಅನ್ನೋ ಟೆಸ್ಟ್ ಹೇಗೆ ನಡೆಯುತ್ತೆ ಅಂದರೆ, 96 ಗುಳಿಗಳ ಒಂದು ಪ್ಲಾಸ್ಟಿಕ್ ಪ್ಲೇಟ್. ಗುಳಿಯ ತಳದಲ್ಲಿ ಮನುಷ್ಯರ ಐಜಿಎಂ ಹಿಡಿಯುವ ಆ್ಯಂಟಿಬಾಡಿ ಮೊದಲೇ ಅಂಟಿಸಿರುತ್ತಾರೆ. ನಾವು ಸೀರಂ ತೆಳು ಮಾಡಿ ಹಾಕುತ್ತೇವೆ. ಬೆಚ್ಚಗೆ ಇಡುತ್ತೇವೆ. ತೊಳೆಯುತ್ತೇವೆ. ವೈರಸ್ಸಿನ ಪ್ರೋಟೀನ್ ಹಾಕುತ್ತೇವೆ, ಮತ್ತೆ ತೊಳೆಯುತ್ತೇವೆ. ಆಮೇಲೆ ಕಿಣ್ವ ಕಟ್ಟಿದ ಇನ್ನೊಂದು ಆ್ಯಂಟಿಬಾಡಿ, ಮತ್ತೆ ತೊಳೆಯೋದು. ಕೊನೆಗೆ ಟಿಎಂಬಿ ಅನ್ನೋ ದ್ರಾವಣ. ಕಿಣ್ವ ಉಳಿದಿದ್ದರೆ ಗುಳಿ ನೀಲಿಯಾಗುತ್ತೆ. ಆಮ್ಲ ಹಾಕಿ ನಿಲ್ಲಿಸಿದ ತಕ್ಷಣ ನೀಲಿ ಹೋಗಿ ಹಳದಿ. 450 ನ್ಯಾನೊಮೀಟರ್ ಬೆಳಕಿನಲ್ಲಿ ಹಳದಿ ಎಷ್ಟು ಗಾಢ ಅಂತ ಮೆಷಿನ್ ಓದುತ್ತೆ. ಆ ಸಂಖ್ಯೆಗೇ ಒ.ಡಿ. (ಆಪ್ಟಿಕಲ್ ಡೆನ್ಸಿಟಿ) ಅನ್ನೋದು.

ಪ್ಲೇಟಿನಲ್ಲಿ ಪಾಸಿಟಿವ್ ಕಂಟ್ರೋಲ್, ನೆಗೆಟಿವ್ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರೋ ಗುಳಿಗಳೂ ಇರುತ್ತವೆ. ಕಿಟ್ ಜೊತೆ ಬರೋ ಚೀಟಿಯಲ್ಲಿ ಹೇಳಿದ ಹಾಗೆ ಅವುಗಳಿಂದ ಕಟ್‌ಆಫ್ (ಪಾಸಿಟಿವ್ ಅನ್ನೋಕೆ ದಾಟಬೇಕಾದ ಗಡಿ ಸಂಖ್ಯೆ) ಲೆಕ್ಕ ಹಾಕಬೇಕು. ಉದಾಹರಣೆಗೆ ಕಟ್‌ಆಫ್ 0.30 ಅಂತಿಟ್ಟುಕೊಳ್ಳಿ. ಒಬ್ಬರದು 0.33, ಇನ್ನೊಬ್ಬರದು 2.4. ಕೆಲವು ಕಿಟ್‌ಗಳ ನಿಯಮದಲ್ಲಿ ಇಬ್ಬರಿಗೂ "ಪಾಸಿಟಿವ್" ಅಂತಲೇ ಪ್ರಿಂಟ್ ಆಗುತ್ತೆ. ಆದರೆ ಮೊದಲನೆಯದರ ಮೇಲೆ ನಾನು ಪಣ ಕಟ್ಟಲ್ಲ. ಒಂದು ಸಲ ತೊಳೆಯುವಾಗ ಗುಳಿಯಲ್ಲಿ ಒಂದು ಹನಿ ಉಳಿದರೂ ಅಷ್ಟು ವ್ಯತ್ಯಾಸ ಬಂದುಬಿಡುತ್ತೆ. ಅದಕ್ಕೇ ಎಷ್ಟೋ ಕಿಟ್‌ಗಳಲ್ಲಿ ಕಟ್‌ಆಫ್‌ನ ಆಚೀಚೆ "ಬಾರ್ಡರ್‌ಲೈನ್" ಅಂತ ಒಂದು ಪಟ್ಟಿ ಬಿಟ್ಟಿರುತ್ತಾರೆ.

ರಿಪೋರ್ಟ್‌ನಲ್ಲಿ ಇಂಡೆಕ್ಸ್, ರೇಶಿಯೋ ಅಂತ ಏನಾದರೂ ಸಂಖ್ಯೆ ಇದ್ದರೆ ಅದನ್ನೇ ಮೊದಲು ನೋಡಿ. ಒಂದು ಕಂಪನಿಯ ಕಿಟ್‌ನ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಲೇಬೇಡಿ. ಎರಡಕ್ಕೂ ಅಳತೆಗೋಲೇ ಬೇರೆ.

ಕುತೂಹಲಿ_ಅಣ್ಣ

ಅಬ್ಬಾ, ಇದು ಗೊತ್ತೇ ಇರಲಿಲ್ಲ. ತಮ್ಮನ ರಿಪೋರ್ಟ್‌ನಲ್ಲಿ ಸಂಖ್ಯೆಯೇ ಇಲ್ಲ, ಬರೀ ಪದಗಳು. ಅದು ಎಲೈಸಾ ಅಲ್ಲ ಅಂತಾನಾ?

ಬೆಂಚಿನ_ಬದಿ

ಬಹುಶಃ ಕಾರ್ಡ್ ಟೆಸ್ಟ್. ಪಟ್ಟಿಯ ಮೇಲೆ ಗೆರೆ ಮೂಡೋದು. ಗೆರೆ ಇದೆಯಾ ಇಲ್ವಾ ಅಂತ ಕಣ್ಣಲ್ಲೇ ನೋಡಬೇಕು. ಮಸುಕು ಗೆರೆ ಬಂದಾಗ ಒಬ್ಬರು ಇದೆ ಅಂತಾರೆ, ಪಕ್ಕದವರು ಇಲ್ಲ ಅಂತಾರೆ. ಬೇಗ ಆಗುತ್ತೆ ಅನ್ನೋದೇ ಅದರ ಲಾಭ. ಹೇಳಿದ ನಿಮಿಷ ಮೀರಿ ಇಟ್ಟು ನೋಡಿದರೆ ಇಲ್ಲದ ಗೆರೆಯೂ ಮೂಡಬಹುದು.

ಲೆಕ್ಕದ_ಹುಚ್ಚು

ಬೆಂಚಿನ_ಬದಿ ಹೇಳಿದ್ದು ಒಂದು ಸ್ಯಾಂಪಲ್‌ನ ಕಥೆ. ಸಾವಿರಾರು ಜನರಿಗೆ ಟೆಸ್ಟ್ ಮಾಡಿದಾಗ ಏನಾಗುತ್ತೆ ನೋಡಿ.

ಒಂದು ಟೆಸ್ಟ್ ಸೋಂಕಿತರಲ್ಲಿ ಶೇ 99 ಜನರನ್ನು ಹಿಡಿಯುತ್ತೆ, ಸೋಂಕಿಲ್ಲದವರಲ್ಲಿ ಶೇ 99 ಜನರನ್ನು ಸರಿಯಾಗಿ ಬಿಡುತ್ತೆ ಅಂದುಕೊಳ್ಳಿ. ಕೇಳೋಕೆ ಭರ್ಜರಿ. ಈಗ 1,00,000 ಜನರಿದ್ದಾರೆ, ಸಾವಿರಕ್ಕೆ ಒಬ್ಬರಿಗೆ ಸೋಂಕು. ಅಂದರೆ 100 ಜನ ಸೋಂಕಿತರು, ಅವರಲ್ಲಿ 99 ಮಂದಿ ಪಾಸಿಟಿವ್. ಉಳಿದ 99,900 ಜನರಲ್ಲಿ ಶೇ 1, ಅಂದರೆ 999 ಮಂದಿ ಸುಮ್ನೆ ಪಾಸಿಟಿವ್. ಒಟ್ಟು ಪಾಸಿಟಿವ್ 1,098. ಅದರಲ್ಲಿ ನಿಜವಾದವು 99. ಹತ್ತರಲ್ಲಿ ಒಂದೂ ಇಲ್ಲ!

ಅದೇ ಟೆಸ್ಟನ್ನು ಹತ್ತರಲ್ಲಿ ಮೂವರಿಗೆ ಸೋಂಕಿರೋ ಜ್ವರದ ವಾರ್ಡ್‌ನಲ್ಲಿ ಮಾಡಿ. ಆಗ ಪಾಸಿಟಿವ್ ಬಂದವರಲ್ಲಿ ಶೇ 97ಕ್ಕಿಂತ ಜಾಸ್ತಿ ನಿಜ. ಟೆಸ್ಟ್ ಬದಲಾಗಿಲ್ಲ, ಯಾರಿಗೆ ಮಾಡಿದ್ದು ಅನ್ನೋದು ಬದಲಾಗಿದೆ ಅಷ್ಟೇ. ಲಕ್ಷಣ ಇಲ್ಲದೆ, ಸಂಪರ್ಕ ಇಲ್ಲದೆ, "ಇರಲಿ ಒಂದು ಪ್ಯಾಕೇಜ್" ಅಂತ ಐಜಿಎಂ ಮಾಡಿಸೋರನ್ನು ಕಂಡರೆ ನನಗೆ ಮೈ ಉರಿಯುತ್ತೆ.

ಕಾಳಜಿಯ_ಅಕ್ಕ

ಲೆಕ್ಕದ_ಹುಚ್ಚು ಹೇಳಿದ್ದು ಓದಿ ಎದೆ ಧಸಕ್ ಅಂತು. ಗೆಳತಿಗೆ ಎರಡೂವರೆ ತಿಂಗಳು. ಮೈ ಮೇಲೆ ಒಂದು ಗುಳ್ಳೆ ಇಲ್ಲ, ಜ್ವರ ಇಲ್ಲ. ರುಬೆಲ್ಲಾ ಐಜಿಎಂ ಪಾಸಿಟಿವ್ ಬಂದಿದೆ. ಐಜಿಜಿನೂ ಪಾಸಿಟಿವ್. ಮನೆಯವರೆಲ್ಲ ಅತ್ತು ಕರೆದು ರಂಪ ಆಗಿದೆ, "ತೆಗೆಸಿಬಿಡೋದು ಒಳ್ಳೇದು" ಅನ್ನೋ ಮಾತೂ ಬಂದಿದೆ. ಏನು ಮಾಡಬೇಕು ಹೇಳಿ ಪ್ಲೀಸ್.

ಸೀರಂ_ಸಂಗಾತಿ

ಅಕ್ಕಾ, ಆ ಒಂದು ರಿಪೋರ್ಟ್ ಹಿಡಿದು ಯಾವ ನಿರ್ಧಾರವೂ ಬೇಡ. ಇದನ್ನು ಮೊದಲು ಅವರ ಮನೆಯವರಿಗೆ ಹೇಳಿ.

ಹೆದರಿಕೆಗೆ ಕಾರಣ ಇದೆ, ಒಪ್ಪುತ್ತೇನೆ. ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಇದನ್ನು ಮೊದಲು ಗುರುತಿಸಿದ್ದು. ಆದರೆ ಲಕ್ಷಣವೂ ಇಲ್ಲದ, ಸೋಂಕಿತರ ಸಂಪರ್ಕವೂ ಇಲ್ಲದ ಗರ್ಭಿಣಿಯಲ್ಲಿ ಬರೋ ಐಜಿಎಂ ಪಾಸಿಟಿವ್‌ಗಳಲ್ಲಿ ಬಹಳಷ್ಟು ಹುಸಿ.

ಯಾಕೆ ಹುಸಿ ಬರುತ್ತೆ? ಕೆಲವರಲ್ಲಿ ಲಸಿಕೆ ಅಥವಾ ಹಳೇ ಸೋಂಕಿನ ಐಜಿಎಂ ತಿಂಗಳುಗಟ್ಟಲೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕಾಲ ಉಳಿದಿರುತ್ತೆ. ಪಾರ್ವೊ ಬಿ19, ಎಪ್‌ಸ್ಟೀನ್-ಬಾರ್ ಥರದ ಬೇರೆ ಸೋಂಕು ಇದ್ದಾಗಲೂ ರುಬೆಲ್ಲಾ ಐಜಿಎಂ ತಪ್ಪಾಗಿ ಏರಬಹುದು. ಇನ್ನೊಂದು ರುಮಟಾಯ್ಡ್ ಫ್ಯಾಕ್ಟರ್. ಇದೂ ಐಜಿಎಂ ಜಾತಿಯದೇ, ಆದರೆ ಹೋಗಿ ಕೂರೋದು ನಮ್ಮದೇ ಐಜಿಜಿಯ ಮೇಲೆ. ಪ್ಲೇಟಿನಲ್ಲಿ ವೈರಸ್ ಪ್ರೋಟೀನ್‌ಗೆ ಐಜಿಜಿ ಅಂಟಿಕೊಂಡಿದ್ದರೆ, ಅದರ ಮೇಲೆ ಇದು ಕೂತು "ನಾನೂ ಐಜಿಎಂ" ಅನ್ನುತ್ತೆ. ಟೆಸ್ಟ್‌ಗೆ ಅದು ಗೊತ್ತಾಗಲ್ಲ. ಸೀರಂನಿಂದ ಐಜಿಜಿ ತೆಗೆದುಹಾಕಿ ಟೆಸ್ಟ್ ಮಾಡೋದು, ಬೆಂಚಿನ_ಬದಿ ಹೇಳಿದ ಹಾಗೆ ಮೊದಲು ಐಜಿಎಂ ಹಿಡಿಯೋ ಪ್ಲೇಟ್ ಬಳಸೋದು, ಇವೆಲ್ಲ ಅದಕ್ಕೇ.

ಈಗ ಗೆಳತಿ ಡಾಕ್ಟರ್ ಹತ್ತಿರ ಕೇಳಬೇಕಾದ್ದು ಮೂರು. ಗರ್ಭಕ್ಕೆ ಮೊದಲು ತೆಗೆದ ರಕ್ತದ ರಿಪೋರ್ಟ್ ಏನಾದರೂ ಇದೆಯಾ? ಆಗಲೇ ಐಜಿಜಿ ಪಾಸಿಟಿವ್ ಇದ್ದಿದ್ದರೆ ಅರ್ಧ ಚಿಂತೆ ಕಳೀತು. ಎರಡನೇದು, ಎರಡು ಮೂರು ವಾರ ಬಿಟ್ಟು ಇನ್ನೊಂದು ಸ್ಯಾಂಪಲ್ ತೆಗೆದು ಎರಡನ್ನೂ ಜೊತೆಗಿಟ್ಟು ನೋಡಬಹುದಾ? ಮೂರನೇದು, ಅವಿಡಿಟಿ ಟೆಸ್ಟ್.

ಅವಿಡಿಟಿ ಬಗ್ಗೆ ಸ್ವಲ್ಪ ಹೇಳಲೇಬೇಕು, ನನಗೆ ತುಂಬಾ ಇಷ್ಟದ ಟೆಸ್ಟ್ ಅದು. ಹೊಸದಾಗಿ ಸೋಂಕು ಬಂದಾಗ ತಯಾರಾಗುವ ಐಜಿಜಿಯ ಹಿಡಿತ ಸಡಿಲ. ತಿಂಗಳುಗಳು ಕಳೆದಂತೆ, ಆ್ಯಂಟಿಬಾಡಿ ತಯಾರಿಸೋ ಬಿ ಕೋಶಗಳಲ್ಲಿ ಆಯ್ಕೆ ನಡೆದು ನಡೆದು ಹಿಡಿತ ಬಿಗಿಯಾಗುತ್ತೆ. ಒಂದೇ ಸೀರಂ ಎರಡು ಗುಳಿಗೆ ಹಾಕಿ, ಒಂದನ್ನು ಮಾಮೂಲಿ ದ್ರಾವಣದಲ್ಲಿ, ಇನ್ನೊಂದನ್ನು ಯೂರಿಯಾ ಬೆರೆಸಿದ್ದರಲ್ಲಿ ತೊಳೆಯುತ್ತಾರೆ. ಸಡಿಲ ಐಜಿಜಿ ಯೂರಿಯಾಗೆ ಕಿತ್ತುಕೊಂಡು ಹೋಗುತ್ತೆ, ಬಿಗಿಯಾದದ್ದು ಕೂತಿರುತ್ತೆ. ಎರಡು ಗುಳಿಗಳ ಬಣ್ಣದ ಅನುಪಾತವೇ ಉತ್ತರ. ಹಿಡಿತ ಬಿಗಿ ಇದ್ದರೆ ಸೋಂಕು ಕೆಲವು ತಿಂಗಳ ಹಿಂದಿನದು. ಎರಡೂವರೆ ತಿಂಗಳ ಗರ್ಭದಲ್ಲಿ ಅದು ದೊಡ್ಡ ಸಮಾಧಾನದ ಸುದ್ದಿ.

ಕಾಳಜಿಯ_ಅಕ್ಕ

ಇಷ್ಟನ್ನು ಇಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಈಗಲೇ ಅವಳಿಗೆ ಕಳಿಸುತ್ತೇನೆ.

ಚಿಣ್ಣರ_ಡಾಕ್ಟರ್

ಗರ್ಭಿಣಿಯ ಮಾತು ಬಂತು ಅಂತ ಮಗುವಿನದ್ದೂ ಹೇಳಿಬಿಡುತ್ತೇನೆ. ತಾಯಿಯ ಐಜಿಜಿ ಮಾಸು (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುತ್ತೆ, ಐಜಿಎಂ ಹೋಗಲ್ಲ. ಎಚ್‌ಐವಿ ಇರೋ ತಾಯಿಯ ಮಗು ಹುಟ್ಟಿದಾಗ ಆ್ಯಂಟಿಬಾಡಿ ಟೆಸ್ಟ್ ಪಾಸಿಟಿವ್ ಬಂದೇ ಬರುತ್ತೆ. ಮಗುವಿಗೆ ಸೋಂಕು ಇರದೇ ಇದ್ದರೂ! ಆ ಐಜಿಜಿ ಪೂರ್ತಿ ಕರಗೋಕೆ 18 ತಿಂಗಳವರೆಗೂ ಹಿಡಿಯಬಹುದು. ಅದಕ್ಕೇ ಅಲ್ಲಿಯವರೆಗೆ ಮಗುವಿಗೆ ಪಿಸಿಆರ್ ಥರದ, ವೈರಸ್ಸನ್ನೇ ಹುಡುಕುವ ಟೆಸ್ಟ್ ಮಾಡುತ್ತೇವೆ. ಹಸುಗೂಸಿನಲ್ಲಿ ಐಜಿಎಂ ಸಿಕ್ಕಿದರೆ ಕಥೆ ಬೇರೆ. ಅದು ತಾಯಿಯಿಂದ ಬಂದಿರೋಕೆ ಆಗಲ್ಲ.

ಸಂಜೆಯ_ಸವಾರ

ನನ್ನದು ಚಿಕ್ಕ ಪ್ರಶ್ನೆ. ಹೆಲ್ತ್ ಚೆಕಪ್‌ನಲ್ಲಿ "ಆ್ಯಂಟಿ-ಎಚ್‌ಬಿಎಸ್ ಪಾಸಿಟಿವ್" ಅಂತ ಬಂದಿದೆ. ಹೆಪಟೈಟಿಸ್ ಬಿ ಬಂದುಬಿಟ್ಟಿತಾ? ರಾತ್ರಿ ನಿದ್ದೆ ಇಲ್ಲ.

ಚಿಣ್ಣರ_ಡಾಕ್ಟರ್

ನಿದ್ದೆ ಮಾಡಿ ಸಾರ್. ಲಸಿಕೆ ಹಾಕಿಸಿಕೊಂಡಿದ್ದೀರಾ? ಹಾಗಿದ್ದರೆ ಬೇಕಾಗಿದ್ದೇ ಅದು. ಒಂದು ಮಿಲಿಲೀಟರ್‌ನಲ್ಲಿ 10 ಮಿಲಿ ಯೂನಿಟ್‌ಗಿಂತ ಜಾಸ್ತಿ ಇದ್ದರೆ ರಕ್ಷಣೆ ಇದೆ ಅಂತ ಲೆಕ್ಕ.

ಭಯ ಪಡಬೇಕಾದ ಸಾಲು ಎಚ್‌ಬಿಎಸ್ ಆ್ಯಂಟಿಜೆನ್. ಹೆಸರು ಹತ್ತಿರ ಹತ್ತಿರ ಇರೋದರಿಂದ ಎಷ್ಟೋ ಜನ ಮೋಸ ಹೋಗುತ್ತಾರೆ. ಅದು ವೈರಸ್ಸಿನ ಹೊರಕವಚ, ಇದು ಅದರ ವಿರುದ್ಧದ ಆ್ಯಂಟಿಬಾಡಿ. ಲಸಿಕೆಯಲ್ಲಿ ಬರೀ ಹೊರಕವಚದ ಪ್ರೋಟೀನ್ ಇರುತ್ತೆ, ಒಳಗಿನ ಕೋರ್ ಇರಲ್ಲ. ಹಾಗಾಗಿ ಆ್ಯಂಟಿ-ಎಚ್‌ಬಿಸಿ, ಅಂದರೆ ಕೋರ್ ವಿರುದ್ಧದ ಆ್ಯಂಟಿಬಾಡಿ ನೆಗೆಟಿವ್ ಇದ್ದರೆ ಅದು ಲಸಿಕೆಯ ಫಲ. ಎರಡೂ ಪಾಸಿಟಿವ್ ಇದ್ದು ಆ್ಯಂಟಿಜೆನ್ ನೆಗೆಟಿವ್ ಇದ್ದರೆ ಸೋಂಕು ಹಿಂದೆ ಯಾವಾಗಲೋ ಬಂದು ಹೋಗಿದೆ.

ಕೋವಿಡ್‌ನಲ್ಲೂ ಇದೇ ಉಪಾಯ ನಡೆಯಿತು. ಸ್ಪೈಕ್ (ವೈರಸ್ಸಿನ ಹೊರಗಿನ ಮುಳ್ಳು) ಮಾತ್ರ ಇರೋ ಲಸಿಕೆ ಪಡೆದವರಲ್ಲಿ ವೈರಸ್ಸಿನ ಒಳಗಿನ ಎನ್ ಪ್ರೋಟೀನ್‌ನ ಆ್ಯಂಟಿಬಾಡಿ ಸಿಕ್ಕರೆ ಅದು ಸೋಂಕಿನದು. ಇಡೀ ವೈರಸ್ಸನ್ನೇ ಸಾಯಿಸಿ ಮಾಡಿದ ಲಸಿಕೆ ಪಡೆದವರಲ್ಲಿ ಈ ಲೆಕ್ಕ ನಡೆಯಲ್ಲ.

ಸಂಜೆಯ_ಸವಾರ

ಲಸಿಕೆ ಕಾಲೇಜಿನಲ್ಲಿದ್ದಾಗ ಹಾಕಿಸಿದ್ದೆ! ಬದುಕಿದೆ. ಹೆಪಟೈಟಿಸ್ ಸಿಗೂ ಇದೇ ಲೆಕ್ಕನಾ?

ಚಿಣ್ಣರ_ಡಾಕ್ಟರ್

ಇಲ್ಲ, ಅಲ್ಲಿ ಉಲ್ಟಾ. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ. ಆ್ಯಂಟಿಬಾಡಿ ಇದ್ದರೂ ಅದು ರಕ್ಷಣೆ ಕೊಡಲ್ಲ. ಔಷಧಿಯಿಂದ ಪೂರ್ತಿ ಗುಣವಾದ ಮೇಲೂ ವರ್ಷಗಟ್ಟಲೆ ಪಾಸಿಟಿವ್ ಬರುತ್ತಲೇ ಇರುತ್ತೆ. ಈಗ ವೈರಸ್ ಇದೆಯಾ ಅನ್ನೋದಕ್ಕೆ ಆರ್‌ಎನ್‌ಎ ಟೆಸ್ಟ್ (ವೈರಸ್ಸಿನದೇ ಆರ್‌ಎನ್‌ಎ ಹುಡುಕುವ ಪಿಸಿಆರ್) ಮಾಡಿಸಲೇಬೇಕು.

ನೇರಮಾತು

ನೋಡಿ, ಕೊನೆಗೆ ಪಿಸಿಆರ್‌ಗೇ ಬಂದಿರಿ. 😄 ಇರಲಿ. ಎರಡು ಸ್ಯಾಂಪಲ್ ಜೊತೆಗಿಟ್ಟು ನೋಡೋದು ಅಂದಿರಲ್ಲ, "ನಾಲ್ಕು ಪಟ್ಟು ಏರಿರಬೇಕು" ಅಂತ ಎಲ್ಲೋ ಓದಿದ್ದೆ. ಯಾಕೆ ನಾಲ್ಕು? ಮೂರು ಯಾಕಲ್ಲ?

ಬೆಂಚಿನ_ಬದಿ

ಟೈಟರ್ ಅಳೆಯೋ ರೀತಿಯಿಂದ ಬಂದಿದ್ದು. ಸೀರಂ ಅನ್ನು ಅರ್ಧರ್ಧ ತೆಳು ಮಾಡುತ್ತಾ ಹೋಗುತ್ತೇವೆ: 1:10, 1:20, 1:40, 1:80, ಹೀಗೆ. ಎಲ್ಲಿಯವರೆಗೆ ಕೆಲಸ ಮಾಡುತ್ತೋ ಆ ಕೊನೇ ಟ್ಯೂಬ್ ಟೈಟರ್. ಒಂದು ಟ್ಯೂಬ್ ಆಚೀಚೆ ಆಗೋದು ಕೈತಪ್ಪಿನೊಳಗೆ ಬರುತ್ತೆ. ಅದೇ ಸ್ಯಾಂಪಲ್ ಮತ್ತೆ ಮಾಡಿದರೂ 1:20 ಇದ್ದದ್ದು 1:40 ಬರಬಹುದು. ಎರಡು ಟ್ಯೂಬ್ ಜರುಗಿದರೆ, 1:20ರಿಂದ 1:80, ಆಗ ನಿಜವಾಗಲೂ ಏರಿದೆ ಅನ್ನಬಹುದು. ಎರಡು ಟ್ಯೂಬ್ ಅಂದರೆ ನಾಲ್ಕು ಪಟ್ಟು. ಮೂರು ಪಟ್ಟು ಅನ್ನೋ ಟ್ಯೂಬೇ ಇಲ್ಲವಲ್ಲ.

1941ರಲ್ಲಿ ಜಾರ್ಜ್ ಹರ್ಸ್ಟ್ ಅನ್ನೋರು ಫ್ಲೂ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಗುಂಪುಗಟ್ಟಿಸುತ್ತೆ, ಆ್ಯಂಟಿಬಾಡಿ ಇದ್ದರೆ ಅದು ನಿಲ್ಲುತ್ತೆ ಅಂತ ತೋರಿಸಿದರು. ಫ್ಲೂ ಲಸಿಕೆಯ ಅಧ್ಯಯನಗಳಲ್ಲಿ ಇವತ್ತಿಗೂ ಹೀಗೇ ಅಳೆಯುತ್ತಾರೆ. ಎಲೈಸಾ ಬಂದದ್ದು 1971ರಲ್ಲಿ, ಸ್ವೀಡನ್‌ನ ಎಂಗ್ವಾಲ್ ಮತ್ತು ಪರ್ಲ್‌ಮನ್ ಅವರಿಂದ. ಅದಕ್ಕೆ ಮೊದಲು ಇಂಥದ್ದಕ್ಕೆ ವಿಕಿರಣದ ಗುರುತು ಹಾಕಿ ಅಳೆಯುತ್ತಿದ್ದರು.

ಒಂದು ಮಾತು: ಎರಡೂ ಸ್ಯಾಂಪಲ್ ಒಂದೇ ದಿನ, ಒಂದೇ ಪ್ಲೇಟಿನಲ್ಲಿ ಮಾಡಬೇಕು. ಮೊದಲನೆಯದನ್ನು ಫ್ರೀಜರ್‌ನಲ್ಲಿ ಇಟ್ಟಿರಬೇಕು. ಬೇರೆ ಬೇರೆ ಲ್ಯಾಬಿನ ಎರಡು ರಿಪೋರ್ಟ್ ತಂದು "ಏರಿದೆಯಾ ನೋಡಿ" ಅಂದರೆ ನಮಗೆ ಹೇಳೋಕೆ ಬರಲ್ಲ.

ಕುತೂಹಲಿ_ಅಣ್ಣ

ರಕ್ತ ಕೊಡೋಕೆ ಹೋದಾಗ ನಾವು ಏನೇನು ಹೇಳಿದರೆ ನಿಮಗೆ ಅನುಕೂಲ?

ಬೆಂಚಿನ_ಬದಿ

ಲಕ್ಷಣ ಶುರುವಾದ ದಿನಾಂಕ. ಇದೊಂದಿದ್ದರೆ ಅರ್ಧ ಕೆಲಸ ಆದ ಹಾಗೆ. ಫಾರಂನಲ್ಲಿ ಆ ಕಾಲಂ ಖಾಲಿ ಬಿಟ್ಟಿರೋರೇ ಜಾಸ್ತಿ. ಆಮೇಲೆ ಯಾವ ಲಸಿಕೆ, ಯಾವಾಗ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದು. ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ದೊಡ್ಡ ಡೋಸ್‌ನಲ್ಲಿ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವು ಮೆಷಿನ್‌ಗಳ ಟೆಸ್ಟ್‌ನಲ್ಲಿ ಬಯೋಟಿನ್ ಬಳಸುತ್ತಾರೆ, ಆ ಮಾತ್ರೆ ಫಲಿತಾಂಶ ಕೆಡಿಸುತ್ತೆ.

ಎಚ್‌ಐವಿ ಟೆಸ್ಟ್ ಆದರೆ ಅನುಮಾನದ ಘಟನೆ ಆಗಿ ಎಷ್ಟು ದಿನ ಆಯ್ತು ಅಂತ ಸಂಕೋಚ ಇಲ್ಲದೆ ಹೇಳಿ. ಆ್ಯಂಟಿಜೆನ್ ಮತ್ತು ಆ್ಯಂಟಿಬಾಡಿ ಎರಡನ್ನೂ ನೋಡೋ ಈಗಿನ ಲ್ಯಾಬ್ ಟೆಸ್ಟ್‌ಗೂ 18ರಿಂದ 45 ದಿನ ಬೇಕು. ಬರೀ ಆ್ಯಂಟಿಬಾಡಿ ನೋಡೋ ಕಾರ್ಡ್ ಟೆಸ್ಟ್‌ಗಳಿಗೆ 90 ದಿನದವರೆಗೂ ಬೇಕಾಗಬಹುದು. ಮಾರನೇ ದಿನ ಓಡಿಬಂದು ನೆಗೆಟಿವ್ ತಗೊಂಡು ಖುಷಿಯಾಗಿ ಹೋಗೋರನ್ನು ಕಂಡರೆ ಸಂಕಟ ಆಗುತ್ತೆ.

ನೇರಮಾತು

ಕೊನೇ ಪ್ರಶ್ನೆ, ಕಾಲೆಳೆಯೋಕಲ್ಲ. ನಮ್ಮ ಚಿಕ್ಕಪ್ಪನಿಗೆ ರಕ್ತದ ಕ್ಯಾನ್ಸರ್‌ಗೆ ರಿಟುಕ್ಸಿಮ್ಯಾಬ್ ನಡೀತಿದೆ. ಅವರಿಗೆ ಸೋಂಕಿನ ಅನುಮಾನ ಬಂದರೆ ಈ ಐಜಿಎಂ, ಐಜಿಜಿ ಎಲ್ಲ ನಂಬಬಹುದಾ?

ಸೀರಂ_ಸಂಗಾತಿ

ನೆಗೆಟಿವ್ ಬಂದರೆ ನಂಬಬೇಡಿ. ಆ ಔಷಧಿ ಬಿ ಕೋಶಗಳನ್ನೇ ಖಾಲಿ ಮಾಡುತ್ತೆ. ಹೊಸ ವೈರಸ್ ಬಂದರೂ ಆ್ಯಂಟಿಬಾಡಿ ತಯಾರಿಸೋರು ಇರಲ್ಲ, ಡೋಸ್ ನಿಂತು ತಿಂಗಳುಗಳಾದರೂ ಇದು ಹಾಗೇ ಇರಬಹುದು. ಅದರ ಜೊತೆ ಇಮ್ಯುನೊಗ್ಲೋಬ್ಯುಲಿನ್ ಡ್ರಿಪ್ ಕೊಟ್ಟಿದ್ದರೆ ಇನ್ನೊಂದು ಫಜೀತಿ. ಅದು ಸಾವಿರಾರು ದಾನಿಗಳ ಐಜಿಜಿ. ಅವರಿಗೆ ಬಂದಿದ್ದ ರೋಗಗಳ ಆ್ಯಂಟಿಬಾಡಿಯೆಲ್ಲ ಚಿಕ್ಕಪ್ಪನ ರಕ್ತದಲ್ಲಿ ಪಾಸಿಟಿವ್ ತೋರಿಸುತ್ತೆ. ಹೆಪಟೈಟಿಸ್ ಬಿ ಕೋರ್ ಆ್ಯಂಟಿಬಾಡಿಯನ್ನಂತೂ ಚಿಕಿತ್ಸೆಗೆ ಮೊದಲೇ ನೋಡಿರಬೇಕು, ಯಾಕೆಂದರೆ ಆ ಔಷಧಿಯಿಂದ ಒಳಗೆ ಮಲಗಿದ್ದ ಹೆಪಟೈಟಿಸ್ ಬಿ ಮತ್ತೆ ಏಳಬಹುದು. ಹಳೇ ಫೈಲ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಡಾಕ್ಟರ್ ಹತ್ತಿರ ಕೇಳಿ.

ಉಳಿದಂತೆ ಚಿಕ್ಕಪ್ಪನ ವಿಷಯದಲ್ಲಿ ನನ್ನ ಓಟು ನಿಮ್ಮ ಪಿಸಿಆರ್‌ಗೇ.